ನೃತ್ಯಶಿಲ್ಪಿ ಉದಯಶಂಕರ್

ಕಲೆಗೆ ಗಡಿಯಿಲ್ಲವೆಂದು ಹೇಳುವುದು ಸುಲಭ. ಆದರೆ ಬೇರೆ ಬೇರೆ ನೆಲಗಳಲ್ಲಿ ಬೆಳೆದ ಕಲೆಗಳನ್ನು ಒಂದೆಡೆ ತಂದು, ಅವುಗಳಿಂದ ಹೊಸದೊಂದನ್ನು ಸೃಷ್ಟಿಸುವುದು ಬಹು ಕಷ್ಟದ ಕೆಲಸ. ಅಂಥ ಸಾಹಸಕ್ಕೆ ಕೈಹಾಕಿದ ಕಲಾವಿದನು ಯಾವ ಪರಂಪರೆಗೂ ಸಲ್ಲದವನಾಗಿ ಉಳಿದುಬಿಡಬಹುದು. ಈ ಅಪಾಯಕ್ಕೆ ಎದೆಗೊಟ್ಟು, ಭಾರತೀಯ ನೃತ್ಯಕ್ಕೆ ಹೊಸದೊಂದು ದಾರಿಯನ್ನು ತೆರೆದ ಮಹನೀಯರು ಉದಯಶಂಕರ್.

ಉದಯಶಂಕರರು 1900ನೆಯ ಇಸವಿ ಡಿಸೆಂಬರ್ 8ರಂದು ರಾಜಸ್ಥಾನದ ಉದಯಪುರದಲ್ಲಿ ಜನಿಸಿದರು. ಆ ಊರಿನ ನೆನಪಿಗಾಗಿಯೇ ಅವರಿಗೆ ಉದಯ ಎಂಬ ಹೆಸರು ಬಂದಿತು. ತಂದೆ ಶ್ಯಾಮಶಂಕರ್ ಚೌಧುರಿ ವಿದ್ವಾಂಸರು. ಝಾಲಾವಾಡದ ಮಹಾರಾಜರ ಸೇವೆಯಲ್ಲಿದ್ದವರು. ತಾಯಿ ಹೇಮಾಂಗಿನೀದೇವಿ. ಮನೆತನ ಬಂಗಾಳದ್ದಾದರೂ ಬಾಲಕನ ದಿನಗಳು ಕಳೆದದ್ದು ರಾಜಸ್ಥಾನದಲ್ಲಿ ಮತ್ತು ಉತ್ತರಪ್ರದೇಶದ ಗಾಜಿಪುರದ ಸಮೀಪದಲ್ಲಿದ್ದ ತಾಯಿಯ ತವರೂರಾದ ನಸರತ್‌ಪುರದಲ್ಲಿ. ಆ ಹಳ್ಳಿಯಲ್ಲಿ ಮಾತಾದೀನ್ ಎಂಬ ದಲಿತ ಕಲಾವಿದನು ಹಬ್ಬಹರಿದಿನಗಳಲ್ಲಿ ಕುಣಿಯುತ್ತಿದ್ದನು. ಬಾಲಕನು ಅವನ ಕುಣಿತವನ್ನು ಮೈಮರೆತು ನೋಡುತ್ತಿದ್ದನು. ಶಾಸ್ತ್ರವನ್ನೋದದ, ಸಮಾಜವು ದೂರವಿಟ್ಟಿದ್ದ ಆ ಬಡ ಕಲಾವಿದನೇ ಉದಯಶಂಕರರಿಗೆ ನೃತ್ಯದ ಮೊದಲ ದರ್ಶನ ಮಾಡಿಸಿದನೆನ್ನಬಹುದು.

ಆದರೆ ಉದಯಶಂಕರರು ಮೊದಲು ಆರಿಸಿಕೊಂಡದ್ದು ಚಿತ್ರಕಲೆಯನ್ನು. 1918ರಲ್ಲಿ ಅವರು ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷಗಳ ಅನಂತರ ಲಂಡನ್ನಿಗೆ ತೆರಳಿ ಅಲ್ಲಿಯ ರಾಯಲ್ ಕಲಾ ಕಾಲೇಜಿನಲ್ಲಿ ವಿದ್ಯಾರ್ಥಿಯಾದರು. ಪ್ರಸಿದ್ಧ ಚಿತ್ರಕಾರರೂ ರವೀಂದ್ರನಾಥ ಠಾಕೂರರ ಆಪ್ತರೂ ಆಗಿದ್ದ ವಿಲಿಯಂ ರೋಥೆನ್‌ಸ್ಟೈನ್ ಅಲ್ಲಿ ಅವರ ಗುರುಗಳು. ಪಶ್ಚಿಮದ ಶೈಲಿಯನ್ನು ಅನುಕರಿಸುವುದಕ್ಕಿಂತ ತನ್ನ ನಾಡಿನ ಕಲೆಯನ್ನು ಅರಿಯುವುದು ಮೇಲೆಂದು ಆ ಗುರು ಶಿಷ್ಯನಿಗೆ ತಿಳಿಹೇಳಿದರು. ರೇಖೆ, ಬಣ್ಣ, ಭಂಗಿಗಳನ್ನು ಗುರುತಿಸುವ ಸೂಕ್ಷ್ಮದೃಷ್ಟಿ ಆ ದಿನಗಳಲ್ಲಿ ಉದಯಶಂಕರರಿಗೆ ದೊರೆಯಿತು. ಮುಂದೆ ಅವರು ಕುಂಚವನ್ನು ಬಿಟ್ಟರೂ ಆ ದೃಷ್ಟಿ ಅವರನ್ನು ಬಿಡಲಿಲ್ಲ.

ಅವರ ಬಾಳಿನ ತಿರುವು ಒದಗಿದ್ದು 1923ರಲ್ಲಿ. ಯುರೋಪಿನಲ್ಲಿ ಬ್ಯಾಲೆ ಎಂಬ ನೃತ್ಯರೂಪಕದ ಪ್ರಕಾರವೊಂದಿದೆ. ಅದರಲ್ಲಿ ಮಾತಿಲ್ಲ, ನರ್ತಕರ ಸಮೂಹವು ಸಂಗೀತ, ವೇಷಭೂಷಣ ಮತ್ತು ಬೆಳಕಿನ ನೆರವಿನಿಂದ ಕಥೆಯನ್ನೋ ಭಾವವನ್ನೋ ನಿರೂಪಿಸುತ್ತದೆ. ಕಾಲ್ಬೆರಳ ತುದಿಯಲ್ಲಿ ನಿಂತು, ನೆಲದ ಸೆಳೆತವನ್ನೇ ಮರೆಸುವಂತೆ ಹಗುರವಾಗಿ ಚಲಿಸುವುದು ಆ ಕಲೆಯ ವೈಶಿಷ್ಟ್ಯ. ರಷ್ಯದ ಅನ್ನಾ ಪಾವ್ಲೊವಾ ಅದರಲ್ಲಿ ಜಗದ್ವಿಖ್ಯಾತಿ ಪಡೆದ ನರ್ತಕಿ. ಭಾರತವನ್ನು ಕಂಡುಬಂದಿದ್ದ ಆಕೆ ಭಾರತೀಯ ವಸ್ತುವುಳ್ಳ ನೃತ್ಯಗಳನ್ನು ರಂಗಕ್ಕೆ ತರಲು ಬಯಸಿದ್ದಳು. ಲಂಡನ್ನಿನಲ್ಲಿ ಉದಯಶಂಕರರ ಪರಿಚಯವಾದಾಗ ಆಕೆ ಆ ಕೆಲಸವನ್ನು ಅವರಿಗೆ ವಹಿಸಿದಳು. ಹೀಗೆ ‘ಹಿಂದೂ ವಿವಾಹ’, ‘ರಾಧಾಕೃಷ್ಣ’ ಎಂಬ ಎರಡು ಬ್ಯಾಲೆಗಳು ಸಿದ್ಧವಾದವು. ಪಾವ್ಲೊವಾ ರಾಧೆಯಾಗಿ, ಉದಯಶಂಕರರು ಕೃಷ್ಣನಾಗಿ ಅಭಿನಯಿಸಿದರು. ತಂಡದೊಡನೆ ಅವರು ಅಮೆರಿಕದಲ್ಲಿಯೂ ಸಂಚರಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ವೇಳೆಗೆ ಉದಯಶಂಕರರು ಯಾವ ಗುರುವಿನಿಂದಲೂ ಕ್ರಮವಾಗಿ ನೃತ್ಯಾಭ್ಯಾಸ ಮಾಡಿರಲಿಲ್ಲ. ಬಾಲ್ಯದಲ್ಲಿ ಕಂಡ ಕುಣಿತಗಳ ನೆನಪು, ಚಿತ್ರಶಿಲ್ಪಗಳಲ್ಲಿ ನೋಡಿದ ಭಂಗಿಗಳು, ಸಹಜವಾಗಿ ಬಂದ ಲಯಜ್ಞಾನ, ಇವಿಷ್ಟೇ ಅವರ ಬಂಡವಾಳ. ಪಾಶ್ಚಾತ್ಯ ಪ್ರೇಕ್ಷಕರು ಮೆಚ್ಚಿದರೂ ಈ ಕೊರತೆ ಅವರಿಗೆ ತಿಳಿಯದೆ ಇರಲಿಲ್ಲ. ಅವರು ಬ್ಯಾಲೆಯನ್ನು ಕಲಿಯಲು ಬಯಸಿದಾಗ ಪಾವ್ಲೊವಾ ಒಪ್ಪಲಿಲ್ಲ. ಅವರ ಸಂಪತ್ತು ಅವರ ನಾಡಿನಲ್ಲಿಯೇ ಇದೆಯೆಂದೂ ಅದನ್ನು ಅಲ್ಲಿಯೇ ಅರಸಬೇಕೆಂದೂ ಬುದ್ಧಿ ಹೇಳಿದಳು. ಭಾರತೀಯನೊಬ್ಬನನ್ನು ಭಾರತದ ಕಡೆಗೆ ತಿರುಗಿಸಿದವಳು ರಷ್ಯದ ಕಲಾವಿದೆ ಎಂಬುದು ಸೋಜಿಗವಾದರೂ ಸತ್ಯ.

1924ರಲ್ಲಿ ಪಾವ್ಲೊವಾಳ ತಂಡವನ್ನು ಬಿಟ್ಟ ಮೇಲೆ ಉದಯಶಂಕರರಿಗೆ ಕಷ್ಟದ ದಿನಗಳು ಬಂದವು. ಪ್ಯಾರಿಸ್ ನಗರದಲ್ಲಿ ನೆಲೆಸಿ, ಜನರು ಉಣ್ಣುತ್ತ ಕುಡಿಯುತ್ತ ಕುಳಿತಿರುತ್ತಿದ್ದ ವಿನೋದಶಾಲೆಗಳಲ್ಲಿ ನರ್ತಿಸಿ ಹೊಟ್ಟೆ ಹೊರೆಯಬೇಕಾಯಿತು. ಆ ದಿನಗಳಲ್ಲಿ ಸಿಮೋನ್ ಬಾರ್ಬಿಯೇ ಎಂಬ ಫ್ರೆಂಚ್ ತರುಣಿ ಅವರ ಶಿಷ್ಯೆಯಾದಳು. ಸಿಮ್‌ಕಿ ಎಂಬ ಹೆಸರಿನಿಂದ ಪ್ರಸಿದ್ಧಳಾದ ಆಕೆ ಭಾರತೀಯ ರೀತಿಯ ಚಲನೆಗಳನ್ನು ಶ್ರದ್ಧೆಯಿಂದ ಕಲಿತು ಬಹುಕಾಲ ಅವರ ಸಹನರ್ತಕಿಯಾಗಿದ್ದಳು.

ಆಲಿಸ್ ಬೋನರ್ ಎಂಬ ಸ್ವಿಟ್ಸರ್ಲೆಂಡಿನ ಶಿಲ್ಪಿ ಉದಯಶಂಕರರ ನೃತ್ಯವನ್ನು ನೋಡಿ ಮಾರುಹೋದಳು. ಆಕೆಯ ನೆರವಿನಿಂದ ಉದಯಶಂಕರರು ಸುಮಾರು ಹತ್ತು ವರ್ಷಗಳ ಬಳಿಕ ತಾಯ್ನಾಡಿಗೆ ಮರಳಿದರು. 1930ರ ಹೊತ್ತಿಗೆ ಇಬ್ಬರೂ ಭಾರತದ ಉದ್ದಗಲ ಸಂಚರಿಸಿ ದೇವಾಲಯಗಳ ಶಿಲ್ಪಗಳನ್ನು ಕಂಡರು, ಕೇರಳದ ಕಥಕಳಿಯನ್ನು ನೋಡಿ ಬೆರಗಾದರು, ಹಳ್ಳಿಗಳ ಕುಣಿತಗಳನ್ನು ಗಮನಿಸಿದರು, ವಾದ್ಯಗಳನ್ನು ಸಂಗ್ರಹಿಸಿದರು. ಪಾವ್ಲೊವಾ ಸೂಚಿಸಿದ್ದ ಸಂಪತ್ತು ಈಗ ಅವರ ಕಣ್ಣೆದುರಿನಲ್ಲಿತ್ತು.

ಯುರೋಪಿಗೆ ಹಿಂದಿರುಗುವಾಗ ಅವರು ತಮ್ಮದೇ ಆದ ತಂಡವನ್ನು ಕಟ್ಟಿಕೊಂಡು ಹೋದರು. ಸಹೋದರರೂ ಬಂಧುಗಳೂ ಅದರಲ್ಲಿದ್ದರು. ಹತ್ತು ವರ್ಷದ ಕಿರಿಯ ತಮ್ಮ ರವಿಯೇ ಮುಂದೆ ಸಿತಾರ್‌ವಾದನದಲ್ಲಿ ಲೋಕಪ್ರಸಿದ್ಧರಾದ ರವಿಶಂಕರ್. ತಿಮಿರ್ ಬರನ್ ಮತ್ತು ವಿಷ್ಣುದಾಸ್ ಶಿರಾಲಿ ಸಂಗೀತದ ಹೊಣೆ ಹೊತ್ತರು. 1931ರ ಮಾರ್ಚ್ 3ರಂದು ಪ್ಯಾರಿಸ್ಸಿನ ಷಾನ್ಸೆಲಿಜೆ ರಂಗಮಂದಿರದಲ್ಲಿ ಈ ತಂಡದ ಮೊದಲ ಪ್ರದರ್ಶನ ನಡೆಯಿತು. ಹಿಂದೆ ಪಾಶ್ಚಾತ್ಯ ವಾದ್ಯಗಳ ಮೇಳಕ್ಕೆ ನರ್ತಿಸುತ್ತಿದ್ದ ಉದಯಶಂಕರರು ಅಂದು ಭಾರತೀಯ ವಾದ್ಯಗಳ ನಾದಕ್ಕೆ ಹೆಜ್ಜೆಯಿಟ್ಟರು. ಪ್ರೇಕ್ಷಕರು ಮುಗ್ಧರಾದರು. ಆದರೆ ಆ ದಿನವನ್ನು ಕಾಣಲು ಪಾವ್ಲೊವಾ ಬದುಕಿರಲಿಲ್ಲ. ಕೇವಲ ಆರು ವಾರಗಳ ಹಿಂದೆ ಆಕೆ ತೀರಿಕೊಂಡಿದ್ದಳು.

ಅನಂತರದ ಏಳು ವರ್ಷ ತಂಡವು ಯುರೋಪ್ ಮತ್ತು ಅಮೆರಿಕಗಳನ್ನು ಸುತ್ತಿತು. ಉದಯಶಂಕರರ ಕಲೆಯ ಗುಟ್ಟೇನು? ಯುರೋಪಿನ ರಂಗಭೂಮಿಯಿಂದ ಅವರು ಶಿಸ್ತನ್ನು ಕಲಿತಿದ್ದರು. ಗೊತ್ತಾದ ವೇಳೆಗೆ ತೆರೆಯೇಳಬೇಕು. ಪ್ರತಿಯೊಂದು ನೃತ್ಯವೂ ಅಳತೆಯ ಕಾಲದಲ್ಲಿ ಮುಗಿಯಬೇಕು. ಬೆಳಕು, ಬಣ್ಣ, ಉಡುಗೆಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು. ಅನೇಕ ನರ್ತಕರು ಸೇರಿ ರಂಗದ ಮೇಲೆ ಒಂದೇ ಚಿತ್ರವಾಗಿ ಕಾಣಬೇಕು. ಈ ಚೌಕಟ್ಟಿನೊಳಗೆ ಅವರು ತುಂಬಿದ ಚಲನೆಗಳಾದರೋ ಭಾರತದವು. ಕಥಕಳಿಯ ಗಾಂಭೀರ್ಯ, ಮಣಿಪುರಿಯ ಮಾರ್ದವ, ಜಾನಪದ ಕುಣಿತದ ಉತ್ಸಾಹ ಮತ್ತು ಶಿಲ್ಪಗಳ ಭಂಗಿ ಅವುಗಳಲ್ಲಿ ಕೂಡಿದ್ದವು. ಶಿವನ ತಾಂಡವವೂ ಇಂದ್ರನ ನೃತ್ಯವೂ ಹೀಗೆ ಮೂಡಿಬಂದವು.

ಸ್ವದೇಶದಲ್ಲಿ ಮಾತ್ರ ಮೆಚ್ಚುಗೆಯೊಡನೆ ಆಕ್ಷೇಪವೂ ಕೇಳಿಬಂದಿತು. ಅದು ನೃತ್ಯವೆಂದರೆ ಸಭ್ಯರ ಮನೆಯ ಮಕ್ಕಳು ಕಲಿಯತಕ್ಕದ್ದಲ್ಲವೆಂದು ಬಹುಮಂದಿ ಭಾವಿಸಿದ್ದ ಕಾಲ. ಆ ಕೀಳುಭಾವನೆಯನ್ನು ತೊಡೆಯಲು ಕೇರಳದಲ್ಲಿ ಮಹಾಕವಿ ವಳ್ಳತ್ತೋಳರೂ ಮದರಾಸಿನಲ್ಲಿ ರುಕ್ಮಿಣೀದೇವಿ ಅರುಂಡೇಲ್ ಅವರೂ ಶ್ರಮಿಸುತ್ತಿದ್ದರು. ಅವರದು ಒಂದೊಂದು ಪರಂಪರೆಯನ್ನು ಉಳಿಸುವ ಮಾರ್ಗ. ಉದಯಶಂಕರರದು ಹಲವನ್ನು ಕೂಡಿಸುವ ಮಾರ್ಗ. ಯಾವ ಶಾಸ್ತ್ರಕ್ಕೂ ಕಟ್ಟುಬೀಳದ ಈ ನೃತ್ಯವನ್ನು ಭಾರತೀಯವೆಂದು ಕರೆಯಬಹುದೇ ಎಂದು ಸಂಪ್ರದಾಯನಿಷ್ಠರು ಶಂಕಿಸಿದರು. ಈ ಶಂಕೆ ನಿರಾಧಾರವಾದುದೆಂದು ತಳ್ಳಿಹಾಕುವಂತಿರಲಿಲ್ಲ. ಉದಯಶಂಕರರು ಅದಕ್ಕೆ ವಾದದಿಂದ ಉತ್ತರ ಕೊಡಲಿಲ್ಲ. ಕಲಿಕೆಯಿಂದ ಉತ್ತರ ಕೊಟ್ಟರು. ಕೀರ್ತಿಯ ಶಿಖರದಲ್ಲಿದ್ದಾಗಲೇ ಕಥಕಳಿಯ ಮಹಾಗುರು ಶಂಕರನ್ ನಂಬೂದಿರಿಯವರಲ್ಲಿ ಶಿಷ್ಯವೃತ್ತಿಯನ್ನು ಕೈಕೊಂಡರು.

ಎಲ್ಲ ಪರಂಪರೆಗಳ ಗುರುಗಳೂ ಒಂದೇ ಕಡೆ ಕಲಿಸುವ ವಿದ್ಯಾಕೇಂದ್ರವೊಂದನ್ನು ಕಟ್ಟಬೇಕೆಂಬ ಹಂಬಲ ಅವರಲ್ಲಿ ಬಲಿಯಿತು. ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್ ಸಂಸ್ಥೆಯ ಎಲ್ಮ್‌ಹರ್ಸ್ಟ್ ದಂಪತಿಗಳು ಮತ್ತಿತರ ಮಿತ್ರರು ಧನಸಹಾಯ ಮಾಡಿದರು. 1938ರಲ್ಲಿ ಉದಯಶಂಕರರು ತಂಡದ ವಿದೇಶ ಸಂಚಾರವನ್ನು ನಿಲ್ಲಿಸಿ ಭಾರತದಲ್ಲಿ ನೆಲೆಸಿದರು. ಮುಂದಿನ ಎರಡು ವರ್ಷಗಳಲ್ಲಿ ಹಿಮಾಲಯದ ಮಡಿಲಿನ ಆಲ್ಮೋರಾ ಪಟ್ಟಣದ ಬಳಿ ‘ಉದಯಶಂಕರ್ ಭಾರತೀಯ ಸಂಸ್ಕೃತಿ ಕೇಂದ್ರ’ ತಲೆಯೆತ್ತಿತು. ಕಥಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಉಸ್ತಾದ್ ಅಲ್ಲಾವುದ್ದೀನ್ ಖಾನ್, ಹೀಗೆ ಆಯಾ ವಿದ್ಯೆಯಲ್ಲಿ ನುರಿತವರೇ ಅಲ್ಲಿ ಕಲಿಸಿದರು. ಪರಂಪರೆಗಳನ್ನು ಬೆಸೆಯಹೊರಟವರು ಮೊದಲು ಅವುಗಳನ್ನು ಶುದ್ಧವಾಗಿ ಅರಿಯಬೇಕೆಂಬುದು ಈ ಏರ್ಪಾಟಿನ ಹಿಂದಿದ್ದ ತತ್ತ್ವ.

ಅಲ್ಲಿಯ ಶಿಕ್ಷಣದಲ್ಲಿ ಹೊಸತನವಿತ್ತು. ವಿದ್ಯಾರ್ಥಿಗಳು ನಡಿಗೆಯಿಂದಲೇ ಅಭ್ಯಾಸವನ್ನು ಆರಂಭಿಸಬೇಕಾಗಿತ್ತು. ಸುತ್ತಮುತ್ತಲಿನ ಜನರ ನಿಲುವು ಚಲನೆಗಳನ್ನು ಸೂಕ್ಷ್ಮವಾಗಿ ಗಮನಿಸಿ, ಕಂಡದ್ದನ್ನು ಸ್ವಂತ ಕಲ್ಪನೆಯಿಂದ ಅಭಿನಯಿಸಿ ತೋರಿಸಬೇಕಾಗಿತ್ತು. ಗುರುವನ್ನು ಅನುಕರಿಸಿದರೆ ಸಾಲದು, ತಾನೂ ಸೃಷ್ಟಿಸಬೇಕೆಂಬುದು ಅಲ್ಲಿಯ ನಿಯಮ. ಬೆಂಗಳೂರಿನಲ್ಲಿ 1925ರಲ್ಲಿ ಜನಿಸಿ, ಮುಂದೆ ಹಿಂದಿ ಚಿತ್ರರಂಗದ ಶ್ರೇಷ್ಠ ನಿರ್ದೇಶಕರೆನಿಸಿದ ಗುರುದತ್ತರು ತಾರುಣ್ಯದಲ್ಲಿ ಇಲ್ಲಿಯೇ ಕಲಿತವರು.

ಆಲ್ಮೋರಾದಲ್ಲಿ ಮೂಡಿದ ಕೃತಿಗಳಲ್ಲಿ ನೆರಳಿನ ರಾಮಲೀಲೆ ಬಹು ಜನಪ್ರಿಯವಾಯಿತು. ಬಯಲಿನಲ್ಲಿ ವಿಶಾಲವಾದ ಬಿಳಿಯ ತೆರೆಯನ್ನು ಕಟ್ಟಿ, ಅದರ ಹಿಂದೆ ದೀಪವನ್ನಿಟ್ಟು, ನಡುವೆ ನರ್ತಕರು ಅಭಿನಯಿಸುತ್ತಿದ್ದರು. ನರ್ತಕನು ದೀಪದ ಹತ್ತಿರಕ್ಕೆ ಸರಿದಂತೆ ಅವನ ನೆರಳು ಹಿಗ್ಗುತ್ತದೆ. ತೆರೆಯ ಹತ್ತಿರಕ್ಕೆ ಬಂದಂತೆ ಕುಗ್ಗುತ್ತದೆ. ಇಷ್ಟು ಸರಳವಾದ ಉಪಾಯದಿಂದಲೇ ರಾಕ್ಷಸರು ಬೆಟ್ಟದಂತೆ ಬೆಳೆದುನಿಲ್ಲುತ್ತಿದ್ದರು. ಗುಡ್ಡಗಾಡಿನ ಸಾವಿರಾರು ಜನ ಅದನ್ನು ನೋಡಲು ನೆರೆಯುತ್ತಿದ್ದರು. ಇನ್ನೊಂದು ಕೃತಿ ‘ಶ್ರಮ ಮತ್ತು ಯಂತ್ರ’. ನರ್ತಕರ ಅಂಗಾಂಗಗಳೇ ಅದರಲ್ಲಿ ಯಂತ್ರದ ಚಕ್ರಗಳಂತೆಯೂ ಸನ್ನೆಗಳಂತೆಯೂ ಆಡುತ್ತಿದ್ದವು. ಯಂತ್ರದ ವಶನಾದ ಮನುಷ್ಯನು ತಾನೂ ಯಂತ್ರವಾಗುವ ದುರಂತವನ್ನು ಅದು ಬಿಂಬಿಸಿತು. ಪುರಾಣದ ದೇವತೆಗಳಿಗೆ ಮೀಸಲಾದುದೆಂದು ತೋರುತ್ತಿದ್ದ ನೃತ್ಯವು ಕಾರ್ಖಾನೆಯ ಕೂಲಿಗಾರನ ಬಾಳನ್ನೂ ನಿರೂಪಿಸಬಲ್ಲುದೆಂಬುದು ಇದರಿಂದ ಸಿದ್ಧವಾಯಿತು.

ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಣದ ಅಡಚಣೆ ಹೆಚ್ಚಿತು. 1944ರ ವೇಳೆಗೆ ಕೇಂದ್ರವು ಮುಚ್ಚಿತು. ಗುರುಗಳೂ ಶಿಷ್ಯರೂ ಚೆದರಿಹೋದರು. ಉದಯಶಂಕರರ ಬಾಳಿನ ಅತ್ಯಂತ ದೊಡ್ಡ ಕನಸು ನಾಲ್ಕೈದು ವರ್ಷಗಳಲ್ಲಿಯೇ ಮುರಿದುಬಿದ್ದಿತು.

ಬೇರೊಬ್ಬರಾಗಿದ್ದರೆ ಕೈಚೆಲ್ಲುತ್ತಿದ್ದರು. ಉದಯಶಂಕರರು ಕಳೆದುಕೊಂಡ ಕನಸನ್ನೇ ವಸ್ತುವಾಗಿಟ್ಟುಕೊಂಡು ಚಲನಚಿತ್ರವೊಂದನ್ನು ತೆಗೆಯಲು ಮದರಾಸಿನ ಜೆಮಿನಿ ಸ್ಟುಡಿಯೊಗೆ ಬಂದರು. ಹಿಮಾಲಯದಲ್ಲಿ ಕಲಾಕೇಂದ್ರವನ್ನು ಕಟ್ಟಲು ಹೆಣಗುವ ಕಲಾವಿದನೊಬ್ಬನ ಕಥೆ ಅದು. ಅವರೇ ನಾಯಕರು, ಅವರ ಪತ್ನಿ ಅಮಲಾ ನಾಯಿಕೆ. ಬಾಲ್ಯದಲ್ಲಿಯೇ ಪ್ಯಾರಿಸ್ಸಿನಲ್ಲಿ ಅವರ ತಂಡವನ್ನು ಸೇರಿದ್ದ ಅಮಲಾ 1942ರಲ್ಲಿ ಅವರನ್ನು ವಿವಾಹವಾಗಿದ್ದರು. ಹಲವು ವರ್ಷಗಳ ದುಡಿಮೆಯ ಫಲವಾಗಿ 1948ರಲ್ಲಿ ‘ಕಲ್ಪನಾ’ ತೆರೆಕಂಡಿತು. ಆಗ ಅದು ಹಣವನ್ನು ತರಲಿಲ್ಲ. ಕಾಲಾಂತರದಲ್ಲಿ ಅದರ ಬೆಲೆ ಜಗತ್ತಿಗೆ ತಿಳಿಯಿತು. ಶಿಥಿಲವಾಗಿದ್ದ ಅದರ ಪ್ರತಿಯನ್ನು ಪುನರುದ್ಧಾರ ಮಾಡಿ 2012ರಲ್ಲಿ ಫ್ರಾನ್ಸಿನ ಕಾನ್ ಚಲನಚಿತ್ರೋತ್ಸವದಲ್ಲಿ ಪ್ರದರ್ಶಿಸಲಾಯಿತು. ರಂಗದ ಮೇಲಿನ ನೃತ್ಯ ಆ ಕ್ಷಣಕ್ಕೇ ಮರೆಯಾಗುವಂಥದು. ಉದಯಶಂಕರರ ಕಲೆಯನ್ನು ಮುಂದಿನ ಪೀಳಿಗೆ ಕಣ್ಣಾರೆ ಕಾಣುವಂತಾದದ್ದು ಸೋತಿತೆಂದು ಜನರು ತಿಳಿದ ಆ ಚಿತ್ರದಿಂದಲೇ.

ಮುಂದೆಯೂ ಅವರು ಸುಮ್ಮನೆ ಕುಳಿತವರಲ್ಲ. ರವೀಂದ್ರರ ಜನ್ಮಶತಾಬ್ದಿಯ ಸಂದರ್ಭದಲ್ಲಿ, 1961ರಲ್ಲಿ, ಕವಿಯ ‘ಸಾಮಾನ್ಯ ಕ್ಷತಿ’ಯನ್ನು ನೃತ್ಯರೂಪಕವಾಗಿಸಿದರು. 1965ರಲ್ಲಿ ಕಲ್ಕತ್ತೆಯಲ್ಲಿ ಅವರ ಹೆಸರಿನ ಕೇಂದ್ರ ಮತ್ತೆ ಆರಂಭವಾಯಿತು. ಎಪ್ಪತ್ತರ ಹರೆಯದಲ್ಲಿ ರಂಗಪ್ರಯೋಗವನ್ನೂ ಚಲನಚಿತ್ರವನ್ನೂ ಬೆಸೆದ ‘ಶಂಕರ್‌ಸ್ಕೋಪ್’ ಎಂಬ ನೂತನ ಪ್ರಯೋಗವನ್ನು ನಡೆಸಿದರು. 1971ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1977ರ ಸೆಪ್ಟೆಂಬರ್ 26ರಂದು ಕಲ್ಕತ್ತೆಯಲ್ಲಿ ಅವರು ಕಣ್ಮುಚ್ಚಿದರು.

ಉದಯಶಂಕರರು ತಮ್ಮ ಹೆಸರಿನ ಶಾಸ್ತ್ರವನ್ನು ಬರೆದಿಡಲಿಲ್ಲ. ಆದರೆ ಅವರು ಬಿತ್ತಿದ ಬೀಜ ಹಲವೆಡೆ ಮೊಳೆಯಿತು. ಆಲ್ಮೋರಾದಲ್ಲಿದ್ದ ಶಾಂತಿ ಬರ್ಧನ್ 1952ರಲ್ಲಿ ಲಿಟ್ಲ್ ಬ್ಯಾಲೆ ತಂಡವನ್ನು ಸ್ಥಾಪಿಸಿ, ನರ್ತಕರು ಗೊಂಬೆಗಳಂತೆ ಚಲಿಸುವ ರಾಮಾಯಣವನ್ನು ರಂಗಕ್ಕೆ ತಂದರು. ಸಚಿನ್ ಶಂಕರ್ ಮುಂಬಯಿಯಲ್ಲಿ, ನರೇಂದ್ರ ಶರ್ಮ ದೆಹಲಿಯಲ್ಲಿ ತಂಡಗಳನ್ನು ಕಟ್ಟಿದರು. ಇವರಾರೂ ಗುರುವಿನ ನಕಲುಗಳಾಗಲಿಲ್ಲ ಎಂಬುದೇ ಗುರುವಿನ ಹಿರಿಮೆಗೆ ಸಾಕ್ಷಿ.

ಹಲವು ಹೂಗಳಿಂದ ಮಕರಂದವನ್ನು ತಂದರೂ ಜೇನು ಯಾವ ಹೂವಿನ ರುಚಿಯೂ ಅಲ್ಲ. ಅದರದು ಅದರದೇ ಆದ ಸವಿ. ಆದರೆ ಆ ಸವಿಗಾಗಿ ಜೇನ್ನೊಣವು ಪ್ರತಿಯೊಂದು ಹೂವಿನ ಬಳಿಗೂ ಹೋಗಲೇಬೇಕು. ಉದಯಶಂಕರರು ಹಳ್ಳಿಯ ಕುಣಿತಗಾರನಿಂದ ಹಿಡಿದು ಕಥಕಳಿಯ ಗುರುವಿನವರೆಗೆ ಎಲ್ಲರ ಬಳಿಗೂ ವಿನಯದಿಂದ ಹೋದರು; ಪಡೆದುದನ್ನು ತಮ್ಮದಾಗಿಸಿಕೊಂಡು ಲೋಕಕ್ಕೆ ಕೊಟ್ಟರು. ಆಧುನಿಕ ಭಾರತೀಯ ನೃತ್ಯದ ಇತಿಹಾಸದಲ್ಲಿ ಅವರ ಸ್ಥಾನ ಶಾಶ್ವತವಾದುದು.