ಮಳೆಯ ಲೆಕ್ಕ ಬರೆದ ಬ್ಲಾನ್‌ಫರ್ಡ್

ವಾಡಿಕೆಯ ಮಳೆ, ಸರಾಸರಿ ಮಳೆ, ಮಳೆಯ ಕೊರತೆ ಎಂಬ ಮಾತುಗಳನ್ನು ನಾವು ದಿನವೂ ಬಳಸುತ್ತೇವೆ. ಈ ಮಾತುಗಳಿಗೆ ಅರ್ಥವಿರಬೇಕಾದರೆ ಊರೂರಿನ ಮಳೆಯೂ ಒಂದೇ ಕ್ರಮದಲ್ಲಿ ಅಳೆಯಲ್ಪಟ್ಟು, ಒಂದೆಡೆ ಬರೆದಿಡಲ್ಪಟ್ಟಿರಬೇಕು. ಇಡೀ ಭಾರತಕ್ಕೆ ಅಂಥ ಲೆಕ್ಕವನ್ನು ಅಣಿಗೊಳಿಸಿದವನು ಹೆನ್ರಿ ಫ್ರಾನ್ಸಿಸ್ ಬ್ಲಾನ್‌ಫರ್ಡ್.

1834ರಲ್ಲಿ ಲಂಡನ್ನಿನಲ್ಲಿ ಜನಿಸಿದ ಈತನ ಮೊದಲ ಒಲವು ನೆಲದ ಕಡೆಗೆ, ಮುಗಿಲಿನ ಕಡೆಗಲ್ಲ. ಗಣಿಶಾಸ್ತ್ರವನ್ನು ಲಂಡನ್ನಿನಲ್ಲಿಯೂ ಜರ್ಮನಿಯ ಫ್ರೈಬರ್ಗಿನಲ್ಲಿಯೂ ಕಲಿತು, 1855ರಲ್ಲಿ ಅಣ್ಣ ವಿಲಿಯಂನೊಡನೆ ಭಾರತಕ್ಕೆ ಬಂದು ಭೂಸರ್ವೇಕ್ಷಣ ಇಲಾಖೆಯನ್ನು ಸೇರಿದನು. ತಾಲ್ಚೇರಿನ ಕಲ್ಲಿದ್ದಲ ನೆಲವನ್ನೂ ತಿರುಚಿನಾಪಳ್ಳಿಯ ಶಿಲಾಸ್ತರಗಳನ್ನೂ ಪರಿಶೀಲಿಸಿದನು. ಬಿಸಿಲಿನ ಅಲೆದಾಟ ದೇಹಕ್ಕೆ ಒಗ್ಗದೆ 1862ರಲ್ಲಿ ಆ ಕೆಲಸವನ್ನು ಬಿಟ್ಟು, ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕನಾದನು.

1864ರ ಅಕ್ಟೋಬರಿನಲ್ಲಿ ಕಲ್ಕತ್ತೆಯನ್ನು ಭೀಕರ ಚಂಡಮಾರುತವೊಂದು ಹೊಡೆಯಿತು. ಸಮುದ್ರವು ಉಕ್ಕಿ ನದೀಮುಖದ ಹಳ್ಳಿಗಳಲ್ಲಿ ಸಾವಿರಾರು ಜನ ಕೊಚ್ಚಿಹೋದರು. ಗ್ಯಾಸ್ಟ್ರೆಲ್ ಎಂಬ ಅಧಿಕಾರಿಯೊಡನೆ ಅದರ ವರದಿಯನ್ನು ಸಿದ್ಧಪಡಿಸಿದಂದಿನಿಂದ ಬ್ಲಾನ್‌ಫರ್ಡನ ದೃಷ್ಟಿ ಆಕಾಶದ ಕಡೆಗೆ ತಿರುಗಿತು. 1866ರಲ್ಲಿ ಒರಿಸ್ಸಾ ಕ್ಷಾಮಕ್ಕೀಡಾಯಿತು. ಮರುವರ್ಷ ಆತನು ಬಂಗಾಳಕ್ಕೆ, 1875ರಲ್ಲಿ ಇಡೀ ಭಾರತಕ್ಕೆ ಪವನ ವಿಜ್ಞಾನದ ವರದಿಗಾರನಾಗಿ ನೇಮಕಗೊಂಡನು.

ಕೈಗೆತ್ತಿಕೊಂಡ ಕೆಲಸ ಸುಲಭವಾಗಿರಲಿಲ್ಲ. ಪ್ರಾಂತಪ್ರಾಂತಕ್ಕೂ ಅಳತೆಯ ರೀತಿ ಬೇರೆಯಾಗಿದ್ದಿತು. ಅಳೆಯಬೇಕಾದ ಮಳೆಯೋ ಅದಕ್ಕಿಂತ ಚಂಚಲ. ಉಷ್ಣವಲಯದಲ್ಲಿ ಕಾದ ನೆಲದಿಂದ ಮೇಲೇರಿದ ತೇವದ ಗಾಳಿ ಕೆಲವೇ ಕಿಲೋಮೀಟರ್ ಅಗಲದ ಮುಗಿಲಾಗಿ ಬೆಳೆದು, ಗಂಟೆಯೊಳಗೆ ಸುರಿದು ಕರಗಿಬಿಡುವುದುಂಟು. ಒಂದು ಹೊಲ ನೆನೆದು, ಹಳ್ಳದಾಚೆಯ ಹೊಲ ಒಣಗಿಯೇ ಉಳಿಯುವುದು ಇದರಿಂದಲೇ. ಬೆಟ್ಟಗಳು ಮಾಡುವ ಭೇದ ಇದಕ್ಕಿಂತ ಸ್ಥಿರವಾದುದು. ಖಾಸಿ ಬೆಟ್ಟಗಳ ದಕ್ಷಿಣದ ಅಂಚಿನಲ್ಲಿರುವ ಚಿರಾಪುಂಜಿಗೆ ವರ್ಷಕ್ಕೆ 11,000 ಮಿಲಿಮೀಟರಿಗೂ ಮಿಕ್ಕಿ ಮಳೆ. ಉತ್ತರಕ್ಕೆ ಸುಮಾರು 40 ಕಿಲೋಮೀಟರಿನಾಚೆಯ ಶಿಲ್ಲಾಂಗಿಗೆ ಅದರ ಐದನೆಯ ಒಂದು ಪಾಲಿನಷ್ಟು ಮಾತ್ರ. ನಮ್ಮ ಆಗುಂಬೆಗೂ ಚಳ್ಳಕೆರೆಗೂ ಇರುವ ಅಂತರವಂತೂ ಕನ್ನಡಿಗರಿಗೆ ತಿಳಿದದ್ದೇ. ಒಂದು ಮಾಪಕದ ಸಾಕ್ಷ್ಯವನ್ನು ನೆರೆಯೂರಿಗೆ ಅನ್ವಯಿಸಲಾಗದಿದ್ದಾಗ ಮಾಪಕಗಳು ಹೆಚ್ಚಬೇಕು. ಅವೆಲ್ಲ ಒಂದೇ ನಿಯಮಕ್ಕೆ ಒಳಪಡಬೇಕು. ವೀಕ್ಷಣಾಲಯಗಳನ್ನು ಬ್ಲಾನ್‌ಫರ್ಡ್ ಒಂದೇ ಕಟ್ಟಿಗೆ ತಂದುದು ಈ ಕಾರಣದಿಂದ. ಭಾರತದ ಮಳೆಯನ್ನು ಕುರಿತ ಆತನ ಬೃಹತ್ ಪ್ರಬಂಧವು 1886ರಿಂದ ಪ್ರಕಟವಾಗತೊಡಗಿತು.

ಅಷ್ಟರಲ್ಲಿ 1876-78ರ ಮಹಾಕ್ಷಾಮ ದಕ್ಷಿಣ ಭಾರತವನ್ನು ಹಿಂಡಿತ್ತು. 1871ರಲ್ಲಿ 50 ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷದ ಸಮೀಪಕ್ಕೆ ಇಳಿಯಿತು. ಮುಂಗಾರಿನ ಗತಿಯನ್ನು ಮೊದಲೇ ಅರಿಯುವ ಬಗೆಯೇನೆಂಬುದು ಪಂಡಿತರ ಕುತೂಹಲವಾಗಿ ಉಳಿಯದೆ ಪ್ರಾಣಗಳ ಪ್ರಶ್ನೆಯಾಯಿತು. ಹಿಮಾಲಯದಲ್ಲಿ ಹಿಮ ಹೆಚ್ಚಾಗಿ ಬಿದ್ದು ತಡವಾಗಿ ಕರಗಿದ ವರ್ಷ ಬಯಲಿನಲ್ಲಿ ಒಣಗಾಳಿ ಬೀಸಿ ಮಳೆ ಕುಗ್ಗುವುದೆಂದು ಬ್ಲಾನ್‌ಫರ್ಡ್ 1884ರಲ್ಲಿ ಪ್ರತಿಪಾದಿಸಿದನು. ಅದರ ಆಧಾರದ ಮೇಲೆ 1886ರ ಜೂನ್ 4ರಂದು ಮುಂಗಾರಿನ ಮೊದಲ ಅಧಿಕೃತ ದೀರ್ಘಾವಧಿ ಮುನ್ಸೂಚನೆ ಹೊರಬಿದ್ದಿತು. ಹಿಮವೊಂದರಿಂದಲೇ ಮುಂಗಾರನ್ನು ನಿರ್ಣಯಿಸಲಾಗದೆಂಬುದು ಮುಂದಿನ ಸಂಶೋಧನೆಯಿಂದ ತಿಳಿಯಿತು. ಆದರೆ ಆತನು ತುಳಿದ ದಾರಿ ಮುಚ್ಚಿಹೋಗಲಿಲ್ಲ.

ನಿವೃತ್ತನಾಗಿ ಇಂಗ್ಲೆಂಡಿಗೆ ಮರಳಿದ ಬ್ಲಾನ್‌ಫರ್ಡ್ 1893ರ ಜನವರಿ 23ರಂದು ಫೋಕ್‌ಸ್ಟನ್ನಿನಲ್ಲಿ ತೀರಿಕೊಂಡನು.

ದೇಶಕ್ಕೆ ಸಾಕಷ್ಟು ಮಳೆಯಾಗುವುದೆಂಬ ಸೂಚನೆ ಸರ್ಕಾರಕ್ಕೆ ನೆಮ್ಮದಿ ತರಬಹುದು. ಬಿತ್ತುವವನಿಗೆ ಬೇಕಾದುದು ತನ್ನ ಹೊಲದ ಮಾತು. ಉಪಗ್ರಹಗಳೂ ರೇಡಾರ್‌ಗಳೂ ಇರುವ ಇಂದು ಕೂಡ ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಾಪಕಗಳನ್ನು ನೆಟ್ಟು ಮಳೆಯನ್ನು ಅಳೆಯಬೇಕಾಗಿದೆ. ಬ್ಲಾನ್‌ಫರ್ಡ್ ದೇಶದ ಲೆಕ್ಕವನ್ನು ಒಂದುಗೂಡಿಸಿದನು. ಆ ಲೆಕ್ಕದಲ್ಲಿ ಪ್ರತಿಯೊಂದು ಹಳ್ಳಿಯ ಪಾಲನ್ನು ಗುರುತಿಸುವ ಕಾರ್ಯ ಇನ್ನೂ ಮುಗಿದಿಲ್ಲ.