ಲೆಸ್ಲಿ ಕೋಲ್ಮನ್

ಮುಂಗಾರು ಬಲವಾಗಿ ಹಿಡಿಯುವುದಕ್ಕೆ ಮುಂಚೆ ಮಲೆನಾಡಿನ ಅಡಕೆ ತೋಟಗಳಲ್ಲಿ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಶಿಕಾರಿಪುರ ಮತ್ತು ಸೊರಬ ಸೀಮೆಯ ಅಂಬ್ಲಿಗೊಳದ ಆಸುಪಾಸಿನಿಂದ ಹಿಡಿದು ಸಾಗರ, ತೀರ್ಥಹಳ್ಳಿಗಳ ಕಣಿವೆಗಳವರೆಗೆ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ತಿಳಿನೀಲಿ ದ್ರಾವಣವನ್ನು ಅಡಕೆಯ ಗೊನೆಗಳಿಗೆ ಸಿಂಪಡಿಸುತ್ತಾರೆ. ಈ ಪದ್ಧತಿಯನ್ನು ನಮ್ಮ ತೋಟಗಳಲ್ಲಿ ರೂಢಿಗೆ ತಂದವರು ಡಾಕ್ಟರ್ ಲೆಸ್ಲಿ ಚಾರ್ಲ್ಸ್ ಕೋಲ್ಮನ್. ಅಡಕೆಯನ್ನು ಕೊಳೆರೋಗದಿಂದ ಉಳಿಸಿದವರೆಂದು ಅವರ ಹೆಸರನ್ನು ಬಲ್ಲವರುಂಟು. ಆದರೆ ಅವರು ಬಾಳಿನ ಸಂಜೆಯಲ್ಲಿ ಜೀವಕೋಶದ ವಿಭಜನೆಯನ್ನು ಕುರಿತು ಸಂಶೋಧನೆ ನಡೆಸಿದ ವಿಷಯ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಕೋಲ್ಮನ್ 1878ರಲ್ಲಿ ಕೆನಡಾ ದೇಶದ ಒಂಟಾರಿಯೋ ಪ್ರಾಂತದಲ್ಲಿ ಜನಿಸಿದರು. ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ಓದಿ, ಜರ್ಮನಿಯ ಗಟಿಂಗೆನ್ನಿಗೆ ಹೋಗಿ ಮಣ್ಣಿನ ಸೂಕ್ಷ್ಮಜೀವಿಗಳನ್ನು ಅಭ್ಯಾಸಮಾಡಿ ಡಾಕ್ಟರ್ ಪದವಿ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಶಿಲೀಂಧ್ರ ಮತ್ತು ಕೀಟಗಳ ತಜ್ಞರನ್ನಾಗಿ ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತು ವರ್ಷ.

ಆ ಕಾಲದಲ್ಲಿ ಮಲೆನಾಡಿನ ಬೆಳೆಗಾರನಿಗೆ ಮಳೆಗಾಲವೆಂದರೆ ಭಯ. ಎಳೆಯ ಅಡಕೆಯ ಮೇಲೆ ಬೂಷ್ಟು ಹಿಡಿದು, ಕಾಯಿ ಕೊಳೆತು ಉದುರುತ್ತಿತ್ತು. ರೋಗ ಸುಳಿಗೇರಿದರೆ ಮರವೇ ಸಾಯುತ್ತಿತ್ತು. ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುವುದೊಂದೇ ತಿಳಿದಿದ್ದ ಉಪಾಯ. ಕೋಲ್ಮನ್ ಕೊಳೆತ ಕಾಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ರೋಗಕ್ಕೆ ಕಾರಣ ಫೈಟಾಫ್ತೊರ ಎಂಬ ಶಿಲೀಂಧ್ರವೆಂದು ತೋರಿಸಿ 1910ರಲ್ಲಿ ವಿವರವಾದ ವರದಿಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಯಲ್ಲಿದ್ದ ಬೋರ್ಡೋ ದ್ರಾವಣವನ್ನು ಅವರು ಅಡಕೆಗೆ ಪ್ರಯೋಗಿಸಿದರು. ಆದರೆ ಮಲೆನಾಡಿನ ಮಳೆ ಫ್ರಾನ್ಸಿನ ಮಳೆಯಲ್ಲ; ಸಿಂಪಡಿಸಿದ ಔಷಧ ತೊಳೆದುಹೋಗದಂತೆ ಅದಕ್ಕೆ ರಾಳ ಮತ್ತು ಸೋಡದ ಅಂಟನ್ನು ಸೇರಿಸಬೇಕಾಯಿತು. ಬಡ ರೈತನಿಗೂ ನಿಲುಕುವ ಬೆಲೆಯಲ್ಲಿ ಔಷಧ ಸಿದ್ಧವಾಯಿತು.

ಮುಂದೆ ಅವರು ಸಂಸ್ಥಾನದ ವ್ಯವಸಾಯ ಇಲಾಖೆಯ ಮೊದಲ ನಿರ್ದೇಶಕರಾದರು. ಹೆಬ್ಬಾಳದ ವ್ಯವಸಾಯ ಶಾಲೆ, ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ, 1933ರಲ್ಲಿ ಹುಟ್ಟಿದ ಮಂಡ್ಯದ ಸಕ್ಕರೆ ಕಂಪನಿ ಇವೆಲ್ಲದರ ಹಿಂದೆ ಅವರ ದುಡಿಮೆಯಿದೆ. ಪೈರು ತಿನ್ನುವ ಮಿಡತೆಗಳನ್ನೂ ಅವರು ಆಳವಾಗಿ ಅಭ್ಯಾಸಮಾಡಿದರು. ಜೋಳದ ಹೊಲಗಳನ್ನು ಹಾಳುಗೆಡಹುತ್ತಿದ್ದ ದಖ್ಖನ್ನಿನ ಮಿಡತೆಯೊಂದಕ್ಕೆ ಸ್ಪೇನಿನ ವಿಜ್ಞಾನಿ ಬೊಲಿವರ್ 1910ರಲ್ಲಿ ಕೋಲ್ಮೇನಿಯ ಎಂದು ಹೆಸರಿಟ್ಟನು. ಪೀಡೆಯೊಂದಕ್ಕೆ ತಮ್ಮ ಹೆಸರು ಅಂಟಿದುದು ಕೀಟಶಾಸ್ತ್ರಜ್ಞರಿಗೆ ಗೌರವವೇ.

1934ರಲ್ಲಿ ಅವರು ನಿವೃತ್ತರಾಗಿ ಕೆನಡಾಕ್ಕೆ ಹಿಂದಿರುಗಿದರು. ಆ ವಯಸ್ಸಿನಲ್ಲಿ ಹೊಸ ಶಾಸ್ತ್ರವನ್ನು ಕಲಿಯುವವರು ವಿರಳ. ಕೋಲ್ಮನ್ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ ವರ್ಣತಂತುಗಳ ಅಭ್ಯಾಸಕ್ಕೆ ಕುಳಿತರು.

ಸಸ್ಯವಾಗಲಿ ಪ್ರಾಣಿಯಾಗಲಿ, ಬೆಳೆಯುವುದು ಜೀವಕೋಶಗಳ ವಿಭಜನೆಯಿಂದ. ವಿಭಜನೆಯ ಹೊತ್ತಿಗೆ ಕೋಶಕೇಂದ್ರದಲ್ಲಿ ಎಳೆಗಳಂತಹ ವರ್ಣತಂತುಗಳು ಕಾಣಿಸಿಕೊಳ್ಳುತ್ತವೆ. ತಂದೆತಾಯಿಗಳ ಗುಣಗಳು ಮಕ್ಕಳಿಗೆ ಬರುವುದು ಇವುಗಳ ಮೂಲಕವೆಂದು ಆಗಲೇ ತಿಳಿದಿತ್ತು. ಆದರೆ ಎಳೆಯ ಒಳಗಿನ ರಚನೆ ಹೇಗಿದೆ, ಗುಣವನ್ನು ಹೊರುವ ದ್ರವ್ಯ ಯಾವುದು, ಅದು ಯಾವಾಗ ಇಮ್ಮಡಿಯಾಗುತ್ತದೆ ಎಂಬ ಪ್ರಶ್ನೆಗಳು ಬಗೆಹರಿದಿರಲಿಲ್ಲ. ಆ ದ್ರವ್ಯ ಪ್ರೋಟೀನೇ ಇರಬೇಕೆಂದು ನಂಬಿದವರೇ ಹೆಚ್ಚು.

ಈ ಕಾರ್ಯಕ್ಕೆ ಕೋಲ್ಮನ್ ಆರಿಸಿಕೊಂಡ ಸಾಧನಗಳಲ್ಲಿ ಒಂದು, ಜರ್ಮನಿಯ ಫಾಯ್ಲ್‌ಗೆನ್ 1924ರಲ್ಲಿ ಪ್ರಕಟಿಸಿದ ಬಣ್ಣದ ವಿಧಾನ. ಅಂಗಾಂಶವನ್ನು ಬೆಚ್ಚಗಿನ ಹೈಡ್ರೊಕ್ಲೋರಿಕ್ ಆಮ್ಲದಲ್ಲಿಟ್ಟು, ಅನಂತರ ಬಣ್ಣವಿಲ್ಲದ ಒಂದು ದ್ರಾವಕದಲ್ಲಿ ಅದ್ದಿದರೆ ಕೋಶದಲ್ಲಿರುವ ಡಿ.ಎನ್.ಎ. ಮಾತ್ರ ನೇರಳೆಗೆಂಪಾಗುತ್ತದೆ, ಉಳಿದ ಭಾಗ ಹಾಗೆಯೇ ಉಳಿಯುತ್ತದೆ. ಬಣ್ಣ ಎಷ್ಟು ಗಾಢವೋ ಡಿ.ಎನ್.ಎ. ಅಷ್ಟು ಹೆಚ್ಚು. ಈ ವಿಧಾನದಿಂದ ಅವರೂ ಅವರ ಸಹೋದ್ಯೋಗಿ ಹಿಲರಿಯೂ, ವರ್ಣತಂತುವಿನ ದೊಡ್ಡ ಸುರುಳಿಯೊಳಗೆ ಇನ್ನೊಂದು ಸಣ್ಣ ಸುರುಳಿ ಇರುವುದನ್ನು ಕುರಿತು 1941ರಲ್ಲಿ ಬರೆದರು. ಎರಡು ವರ್ಷಗಳ ಬಳಿಕ ಅವರು ತಮ್ಮ ಹಳೆಯ ಪರಿಚಿತರಾದ ಮಿಡತೆಗಳಿಗೇ ಮರಳಿ, ಅವುಗಳ ವರ್ಣತಂತುಗಳ ರಚನೆಯನ್ನು, ಅದರಲ್ಲೂ ಎಕ್ಸ್ ವರ್ಣತಂತುವನ್ನು ಕುರಿತ ಲೇಖನವನ್ನು ಪ್ರಕಟಿಸಿದರು. ಮೈಸೂರಿನಲ್ಲಿ ಹೊಲದ ಶತ್ರುವಾಗಿದ್ದುದು ಟೊರಾಂಟೋದಲ್ಲಿ ಗುರುವಾಯಿತು.

ಮಿಡತೆ ಈ ಅಭ್ಯಾಸಕ್ಕೆ ಬಹಳ ಅನುಕೂಲವಾದ ಜೀವಿ. ಅದರ ವರ್ಣತಂತುಗಳು ದೊಡ್ಡವು, ಎಣಿಕೆಗೆ ಸುಲಭ. ಅನೇಕ ಮಿಡತೆ ಜಾತಿಗಳಲ್ಲಿ ಹೆಣ್ಣಿನ ದೇಹಕೋಶಕ್ಕೆ 24 ವರ್ಣತಂತುಗಳು, ಗಂಡಿಗೆ 23. ಗಂಡಿನ ಎಕ್ಸ್ ವರ್ಣತಂತುವಿಗೆ ಜೊತೆಯಿಲ್ಲ. ಹೆಣ್ಣಿನ ಒಂದು ಕೋಶವನ್ನು ತೆಗೆದುಕೊಂಡು ಅದರ ಡಿ.ಎನ್.ಎ. ಎರಡು ಪಾಲು ಎಂದು ಇಟ್ಟುಕೊಳ್ಳೋಣ. ವಿಭಜನೆಗೆ ಮುಂಚೆ ಆ ಎರಡು ಪಾಲು ನಾಲ್ಕಾಗುತ್ತದೆ. ಆದರೆ ವರ್ಣತಂತುಗಳು 48 ಆಗುವುದಿಲ್ಲ. 24 ಆಗಿಯೇ ಇರುತ್ತವೆ. ಪ್ರತಿಯೊಂದರಲ್ಲೂ ಒಂದೇ ಗಂಟಿನಲ್ಲಿ ಕೂಡಿಕೊಂಡ ಎರಡು ಎಳೆಗಳಿರುತ್ತವೆ, ಅಷ್ಟೆ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ವರ್ಣತಂತುವಿನ ಲೆಕ್ಕ ಗಂಟಿನ ಲೆಕ್ಕ; ಡಿ.ಎನ್.ಎ.ಯ ಲೆಕ್ಕ ಎಳೆಯ ಲೆಕ್ಕ.

ಮೈಟಾಸಿಸ್ ಎಂಬ ಸಮವಿಭಜನೆಯಲ್ಲಿ ಗಂಟು ಬಿಚ್ಚಿ ಎಳೆಗಳು ಬೇರೆಯಾಗುತ್ತವೆ. ಆ ಕ್ಷಣದಲ್ಲಿ ಕೋಶದೊಳಗೆ 48 ವರ್ಣತಂತುಗಳಿದ್ದು, ಕೋಶ ಎರಡಾದ ಕೂಡಲೆ ಒಂದೊಂದು ಮರಿಕೋಶಕ್ಕೂ 24 ವರ್ಣತಂತುಗಳು, ಎರಡು ಪಾಲು ಡಿ.ಎನ್.ಎ. ದೊರೆಯುತ್ತವೆ. ಮಿಯಾಸಿಸ್ ಎಂಬ ಕ್ಷೀಣವಿಭಜನೆಯ ರೀತಿ ಬೇರೆ. ಅದು ಅಂಡ ಮತ್ತು ವೀರ್ಯಾಣುಗಳು ಹುಟ್ಟುವಾಗ ನಡೆಯತಕ್ಕದ್ದು. ಡಿ.ಎನ್.ಎ. ಒಮ್ಮೆ ಮಾತ್ರ ಇಮ್ಮಡಿಯಾಗುತ್ತದೆ. ವಿಭಜನೆ ಎರಡು ಸಲ. ಮೊದಲನೆಯದರಲ್ಲಿ ಜೊತೆ ವರ್ಣತಂತುಗಳು ಅಗಲುತ್ತವೆ, ಗಂಟು ಬಿಚ್ಚುವುದಿಲ್ಲ. ಆದ್ದರಿಂದ ಸಂಖ್ಯೆ 24ರಿಂದ 12ಕ್ಕೆ, ಡಿ.ಎನ್.ಎ. ನಾಲ್ಕರಿಂದ ಎರಡಕ್ಕೆ ಇಳಿಯುತ್ತದೆ. ಎರಡನೆಯದರಲ್ಲಿ ಎಳೆಗಳು ಅಗಲುತ್ತವೆ. ಸಂಖ್ಯೆ 12 ಆಗಿಯೇ ಉಳಿದು ಡಿ.ಎನ್.ಎ. ಮಾತ್ರ ಒಂದು ಪಾಲಿಗೆ ಬರುತ್ತದೆ. ಗಂಡಿನಲ್ಲಿ ಎಕ್ಸ್ ಒಂಟಿಯಾದುದರಿಂದ ಅರ್ಧದಷ್ಟು ವೀರ್ಯಾಣುಗಳಿಗೆ 12, ಉಳಿದವುಗಳಿಗೆ 11 ವರ್ಣತಂತುಗಳು ಸಲ್ಲುತ್ತವೆ. ಹುಟ್ಟುವ ಮರಿ ಹೆಣ್ಣೋ ಗಂಡೋ ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಡಿ.ಎನ್.ಎ. ಇಮ್ಮಡಿಯಾಗುವುದು ಯಾವಾಗ? ಎಳೆಗಳು ಕಣ್ಣಿಗೆ ಕಾಣಿಸುವಾಗ ಎಂದು ಊಹಿಸಿದವರಿದ್ದರು. ಎರಡು ವಿಭಜನೆಗಳ ನಡುವೆ ಕೋಶಕೇಂದ್ರ ನಿಶ್ಚಲವಾಗಿ ತೋರುವ ಅವಧಿಗೆ ಹಳೆಯ ಪುಸ್ತಕಗಳು ವಿಶ್ರಾಂತಿ ಹಂತವೆಂದು ಹೆಸರು ಕೊಟ್ಟಿದ್ದವು. ಆ ಹೆಸರು ತಪ್ಪೆಂದು ಆಮೇಲೆ ತಿಳಿಯಿತು. 1950ರಲ್ಲಿ ಕೋಲ್ಮನ್, ವಿಸಿಯ ಫಾಬ ಎಂಬ ಅವರೆಯ ಬಗೆಯ ಸಸ್ಯದ ಕಾಂಡದಲ್ಲಿ ಕೋಶಕೇಂದ್ರಗಳ ಸ್ಥಿತಿಯನ್ನು ಕುರಿತು ಬರೆದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಇದೇ ಸಸ್ಯದ ಬೇರಿನ ತುದಿಗಳಿಗೆ ಇಂಗ್ಲೆಂಡಿನಲ್ಲಿ ಹವರ್ಡ್ ಮತ್ತು ಪೆಲ್ಕ್ ಎಂಬ ವಿಜ್ಞಾನಿಗಳು ವಿಕಿರಣಶೀಲ ರಂಜಕವನ್ನು ಉಣಿಸಿದರು. ಡಿ.ಎನ್.ಎ. ಹೊಸದಾಗಿ ನಿರ್ಮಾಣವಾಗುವುದು ವಿಶ್ರಾಂತಿಯೆಂದು ಕರೆಯುತ್ತಿದ್ದ ಆ ಅವಧಿಯಲ್ಲೇ, ಅದೂ ಅದರ ನಡುವಿನ ಒಂದು ಗೊತ್ತಾದ ಭಾಗದಲ್ಲಿ ಮಾತ್ರ ಎಂದು 1953ರ ವೇಳೆಗೆ ಅವರು ತೋರಿಸಿಕೊಟ್ಟರು. ಡಿ.ಎನ್.ಎ.ಯ ಜೋಡಿಸುರುಳಿಯ ರಚನೆ ಬೆಳಕಿಗೆ ಬಂದುದೂ ಅದೇ ವರ್ಷ.

ಮರುವರ್ಷ, 1954ರ ಸೆಪ್ಟೆಂಬರಿನಲ್ಲಿ, ಕೋಲ್ಮನ್ ಕೆನಡಾದಲ್ಲಿ ನಿಧನರಾದರು. ಮಲೆನಾಡಿನ ತೋಟಗಳಲ್ಲಿ ಆ ವರ್ಷದ ಬೋರ್ಡೋ ಸಿಂಪಡಣೆ ಆಗಲೇ ಮುಗಿದಿತ್ತು.