ರಂಗಮಂದಿರದ ಹೆಸರಿನ ಹಿಂದಿನ ಕಲಾವಿದ

ಕಮಲಾಪುರದಿಂದ ಬಸ್ ಹಿಡಿದು ಕಲಬುರಗಿಗೆ ಕಾಲೇಜಿಗೋ ಕೋಚಿಂಗ್‌ಗೋ ಬರುವ ನಮ್ಮಲ್ಲಿ ಅನೇಕರು ಡಾ. ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಒಂದಾದರೂ ಕಾರ್ಯಕ್ರಮ ನೋಡಿರುತ್ತೇವೆ. ಈ ಪಂಡಿತ್ ಯಾರೆಂದು ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತೇವೆ.

ಸಾಂಬಾನಂದ ಮೋನಪ್ಪ ಪಂಡಿತರು ಹುಟ್ಟಿದ್ದು 1916ರಲ್ಲಿ, ಇದೇ ಊರಿನಲ್ಲಿ. ಆಗಿಲ್ಲಿ ನಿಜಾಮರ ಆಳ್ವಿಕೆ. ಶಂಕರರಾವ್ ಆಳಂದಕರ್ ಅವರ ಬಳಿ ಚಿತ್ರ ಬರೆಯಲು ಕಲಿತು, ಮದ್ರಾಸಿನ ಡಿಪ್ಲೊಮಾ ಪಡೆದರು. ಅಷ್ಟಕ್ಕೇ ಊರಲ್ಲಿ ಡ್ರಾಯಿಂಗ್ ಮಾಸ್ತರಾಗಿ ನೆಮ್ಮದಿಯಿಂದ ಇರಬಹುದಿತ್ತು. ಅವರು ಮುಂಬೈಗೆ ಹೋಗಿ ನೂತನ ಕಲಾಮಂದಿರದಲ್ಲಿ ದಂಡಾವತಿಮಠರ ಮುಂದೆ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಬಳಿಕ ಜೆ.ಜೆ. ಕಲಾಶಾಲೆಯಲ್ಲೂ ಕಲಿತರು. ಡಿಗ್ರಿ ಮುಗಿದ ದಿನವೇ ಪುಸ್ತಕ ಕಟ್ಟಿಟ್ಟ ನನ್ನಂಥವರಿಗೆ ಇದು ಸ್ವಲ್ಪ ಚುಚ್ಚುತ್ತದೆ.

ಹೊಟ್ಟೆಪಾಡಿಗೆ ಸಿಕ್ಕಿದ್ದು ಸಿನಿಮಾ ಪ್ರಚಾರದ ಕೆಲಸ. ಅದನ್ನು ಕೀಳೆಂದು ತಳ್ಳಲಿಲ್ಲ. ಹಾಲಿವುಡ್‌ನ ಎಂಜಿಎಂ ಸಿನಿಮಾಗಳಿಗೆ ಷೋಕಾರ್ಡ್ ಬರೆದರು, ರಾಜ್ ಕಪೂರ್ ಅವರ ‘ಬರಸಾತ್’ಗೆ ಪೋಸ್ಟರ್ ಬರೆದರು. ತೈಲವರ್ಣದಲ್ಲಿ ನಿಧಾನವಾಗಿ ತಿದ್ದಬಹುದು. ಬೇಗ ಒಣಗುವ ಪೋಸ್ಟರ್ ಬಣ್ಣ ಆ ಪುರುಸೊತ್ತು ಕೊಡುವುದಿಲ್ಲ. ಅದರಲ್ಲೂ ಕೈ ಪಳಗಿಸಿಕೊಂಡರು. ಹೆಸರು ಬಂದ ಮೇಲೂ ಅಲ್ಲೇ ನಿಲ್ಲದೆ ಪುರಾಣದ ಕಥೆಗಳತ್ತ ಹೊರಳಿದರು. ಆ ಚಿತ್ರಗಳು ಕ್ಯಾಲೆಂಡರ್‌ಗಳಾಗಿ ದೇಶದ ಎಷ್ಟೋ ಮನೆಗಳ ಗೋಡೆ ಸೇರಿದವು.

ಮುಂಬೈಯಲ್ಲಿ ಅಷ್ಟು ಬೆಳೆದವರು ಕೊನೆಗೆ ಕಲಬುರಗಿಗೇ ಮರಳಿ, ಇಲ್ಲೂ ಕುಂಚ ಕೆಳಗಿಡದೆ ದೊಡ್ಡ ತೈಲಚಿತ್ರಗಳನ್ನು ಬರೆದರು. ತೀರಿಕೊಂಡದ್ದು 1993ರಲ್ಲಿ. ರಂಗಮಂದಿರದ ಫಲಕದಲ್ಲಿರುವ ‘ಡಾ.’ ಗುಲಬರ್ಗಾ ವಿಶ್ವವಿದ್ಯಾಲಯ ಅವರಿಗೆ ಕೊಟ್ಟ ಗೌರವ ಡಾಕ್ಟರೇಟ್.